ನೊಣ ಸಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ

ನಾನು ಬಿಳಿನೊಣ ಸಾಕುತ್ತೇನೆ. ಹೌದು, ಸಂಬಳ ತೆಗೆದುಕೊಂಡೇ ಸಾಕುತ್ತೇನೆ. ತರಕಾರಿ ಮತ್ತು ಬೇಳೆಕಾಳಿನ ತಳಿಗಳಲ್ಲಿ ಯಾವುದಕ್ಕೆ ನಂಜು ರೋಗ, ಅಂದರೆ ವೈರಸ್ ರೋಗ, ತಡೆಯುವ ಶಕ್ತಿ ಇದೆ, ಯಾವುದಕ್ಕೆ ಇಲ್ಲ ಎಂದು ನೋಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ತಳಿ ಬೆಳೆಸುವವರು ಬೀಜ ಕೊಡುತ್ತಾರೆ. ನಾನು ಸಸಿ ಎಬ್ಬಿಸಿ, ಅದಕ್ಕೆ ರೋಗ ಹತ್ತಿಸಿ, ಏನಾಗುತ್ತದೆ ಎಂದು ಬರೆದಿಡುತ್ತೇನೆ. ರೋಗ ಹತ್ತಿಸಲು ಸಿರಿಂಜು ಬೇಡ. ಸುಮಾರು ಒಂದು ಮಿಲಿಮೀಟರ್ ಉದ್ದದ ಈ ಬಿಳಿ ಜೀವ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತದೆ.

ಟೊಮ್ಯಾಟೊ ಪರೀಕ್ಷೆಗೆ ಬೇಕಾದ ಶುದ್ಧ ನೊಣಗಳನ್ನು ಹತ್ತಿ ಗಿಡದ ಮೇಲೆ ಇಟ್ಟಿರುತ್ತೇವೆ. ಬಿಳಿನೊಣಕ್ಕೆ ಹತ್ತಿ ಎಂದರೆ ಪ್ರಾಣ. ಆದರೆ ಟೊಮ್ಯಾಟೊ ಎಲೆ ಮುಟುರು ರೋಗದ ವೈರಸ್ಸಿಗೆ ಹತ್ತಿ ಒಗ್ಗುವುದಿಲ್ಲ. ಹಾಗಾಗಿ ಅಲ್ಲಿ ಹುಟ್ಟಿ ಬೆಳೆದ ನೊಣಗಳ ಮೈಯಲ್ಲಿ ಆ ನಂಜು ಇರುವುದಿಲ್ಲ. ಶುದ್ಧ ನೊಣಗಳ ಕೋಣೆ ಒಂದು ಕಡೆ, ರೋಗದ ಗಿಡಗಳ ಕೋಣೆ ಇನ್ನೊಂದು ಕಡೆ. ಬೆಳಿಗ್ಗೆ ಮೊದಲು ಶುದ್ಧ ಕೋಣೆ, ಆಮೇಲೆ ರೋಗದ ಕೋಣೆ. ಒಮ್ಮೆ ಅತ್ತ ಹೋದರೆ ಆ ದಿನ ಇತ್ತ ಕಾಲಿಡುವ ಹಾಗಿಲ್ಲ. ಹಳದಿ ಬಟ್ಟೆ ಹಾಕಿಕೊಂಡು ಬರುವ ಹಾಗೂ ಇಲ್ಲ, ಹಳದಿ ಕಂಡರೆ ಅವು ಬಂದು ಮೆತ್ತಿಕೊಳ್ಳುತ್ತವೆ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದೇ. ಅವರು ನಗುತ್ತಾರೆ. ಸಂಜೆ ಹೊತ್ತಿಗೆ ನಗು ನಿಂತಿರುತ್ತದೆ.

ನೊಣ ಹಿಡಿಯಲು ಒಂದು ಗಾಜಿನ ಕೊಳವೆ, ಅದಕ್ಕೊಂದು ರಬ್ಬರ್ ನಳಿಕೆ, ನಡುವೆ ತೆಳು ಬಟ್ಟೆಯ ತಡೆ. ನಳಿಕೆಯ ತುದಿ ನಮ್ಮ ಬಾಯಲ್ಲಿ. ಎಲೆಯನ್ನು ಮೆಲ್ಲಗೆ ಮೇಲೆತ್ತಿ, ಅಡಿಯಲ್ಲಿ ಕೂತವುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳಬೇಕು. ನೆರಳು ಬಿದ್ದರೆ ಹಾರುತ್ತವೆ, ಉಸಿರು ತಾಗಿದರೂ ಹಾರುತ್ತವೆ. ತಂಪು ಹೊತ್ತಿನಲ್ಲಿ ಮಂಕಾಗಿರುವುದರಿಂದ ಈ ಕೆಲಸ ಬೆಳಿಗ್ಗೆಯೇ ಆಗಬೇಕು. ಹಿಡಿದವನ್ನು ರೋಗದ ಗಿಡದ ಮೇಲೆ ಒಂದು ದಿನ ಬಿಡುತ್ತೇವೆ, ಮತ್ತೆ ಹಿಡಿದು ಆರೋಗ್ಯವಾದ ಎಳೆ ಸಸಿಯ ಮೇಲೆ ಇನ್ನೊಂದು ದಿನ ಬಿಡುತ್ತೇವೆ, ಆಮೇಲೆ ಔಷಧಿ ಹೊಡೆದು ಕೊಲ್ಲುತ್ತೇವೆ. ಸಸಿಯಲ್ಲಿ ಲಕ್ಷಣ ಕಾಣಲು ಸುಮಾರು ಎರಡು ಮೂರು ವಾರ ಹಿಡಿಯುತ್ತದೆ. ಒಂದು ಸಸಿಗೆ ಹತ್ತಿಪ್ಪತ್ತು ನೊಣ ಬಿಟ್ಟರೆ ರೋಗ ಹತ್ತುವುದು ಬಹುತೇಕ ಖಚಿತ. ಒಂದೇ ಒಂದು ನೊಣ ಬಿಟ್ಟರೂ ಹತ್ತಬಹುದು. ಗಂಡಿಗಿಂತ ಹೆಣ್ಣು ಹೆಚ್ಚು ಸಮರ್ಥವಾಗಿ ಹಬ್ಬಿಸುತ್ತದೆ.

ಈ ಕೆಲಸ ಗೊತ್ತಿರುವವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಗಿಡ ಮುಟುರಿಕೊಂಡಿದೆ, ಎಲೆ ಅಡಿ ಬಿಳಿನೊಣ ಇದೆ, ಯಾವ ಔಷಧಿ ಹೊಡೀಲಿ?" ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಅದಕ್ಕೆ ಕೆಲವರಿಗೆ ಸಿಟ್ಟು ಬರುತ್ತದೆ. ಯಾಕೆ ಕೊಡುವುದಿಲ್ಲ ಎಂಬುದನ್ನು ಒಂದೇ ಸಲ ಇಲ್ಲಿ ಬರೆದುಬಿಡುತ್ತೇನೆ.

ಮೊದಲು ಕೀಟದ ಬಗ್ಗೆ ಸ್ವಲ್ಪ. ಇದು ಮನೆನೊಣದ ಬಳಗವಲ್ಲ. ಸಸ್ಯಹೇನು, ಜಿಗಿಹುಳು, ಹಿಟ್ಟುತಿಗಣೆಗಳ ಕುಲ, ಅಂದರೆ ಚುಚ್ಚಿ ರಸ ಹೀರುವ ಬಾಯಿಯದ್ದು. ಶಾಸ್ತ್ರೀಯ ಹೆಸರು ಬೆಮಿಸಿಯಾ ಟಬಾಸಿ. 1889ರಲ್ಲಿ ಗ್ರೀಸಿನ ತಂಬಾಕು ಗಿಡದ ಮೇಲೆ ಕಂಡದ್ದನ್ನು ಗೆನ್ನಾಡಿಯಸ್ ಎಂಬವರು ಮೊದಲು ದಾಖಲಿಸಿದರು. ಇವತ್ತು 600ಕ್ಕೂ ಹೆಚ್ಚು ಬಗೆಯ ಗಿಡಗಳ ಮೇಲೆ ಅದು ಬದುಕುತ್ತದೆ ಎಂದು ಲೆಕ್ಕ. ಮೊಟ್ಟೆ ಇಡುವುದು ಎಲೆಯ ಅಡಿಯಲ್ಲಿ. ಪ್ರತಿ ಮೊಟ್ಟೆಗೂ ಒಂದು ಚಿಕ್ಕ ತೊಟ್ಟು, ಆ ತೊಟ್ಟು ಎಲೆಯೊಳಗೆ ನಾಟಿರುತ್ತದೆ. ಒಡೆದು ಬಂದ ಮರಿ ಸ್ವಲ್ಪ ದೂರ ತೆವಳಿ, ಒಳ್ಳೆಯ ಜಾಗ ನೋಡಿ ಬಾಯಿ ಚುಚ್ಚಿತೆಂದರೆ ಮುಗಿಯಿತು, ರೆಕ್ಕೆ ಬರುವವರೆಗೂ ಅಲ್ಲೇ. ಚಪ್ಪಟೆ, ಅರೆಪಾರದರ್ಶಕ, ಹಸಿರು ಹಳದಿ ಬಣ್ಣ. ಭೂತಗನ್ನಡಿ ಇಲ್ಲದೆ ಎಷ್ಟೋ ಜನಕ್ಕೆ ಅದು ಹುಳು ಅನ್ನುವುದೇ ಗೊತ್ತಾಗುವುದಿಲ್ಲ. ಕೊನೆಯ ಹಂತದಲ್ಲಿ ಒಳಗಿನಿಂದ ಎರಡು ಕೆಂಪು ಕಣ್ಣು ಕಾಣಲು ಶುರುವಾಗುತ್ತದೆ. ಆಮೇಲೆ ಬೆನ್ನು ಸೀಳಿ ಬಿಳಿನೊಣ ಹೊರಬರುತ್ತದೆ. ಬೆಚ್ಚಗಿನ ಹವೆಯಲ್ಲಿ ಇಷ್ಟೆಲ್ಲ ಮುಗಿಯಲು ಮೂರು ವಾರ ಸಾಕು. ಒಂದು ಹೆಣ್ಣು ನೂರಿನಿಂದ ಮುನ್ನೂರರವರೆಗೆ ಮೊಟ್ಟೆ ಇಡಬಲ್ಲದು. ಗಂಡಿನ ಜೊತೆ ಕೂಡದಿದ್ದರೂ ಇಡುತ್ತದೆ, ಆದರೆ ಆ ಮೊಟ್ಟೆಗಳೆಲ್ಲ ಗಂಡೇ ಆಗುತ್ತವೆ.

ಗಿಡದ ಮೇಲೆ ಬಂದು ಕೂತ ನೊಣ ಕೂತ ಕ್ಷಣವೇ ರಸ ಕುಡಿಯುವುದಿಲ್ಲ. ಇದನ್ನು ಗಮನದಲ್ಲಿಡಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಅದಕ್ಕೆ ಬೇಕಾದದ್ದು ಎಲೆಯ ಮೇಲ್ಪದರದ ರಸವಲ್ಲ, ಎಲೆಯಲ್ಲಿ ತಯಾರಾದ ಸಕ್ಕರೆ ಹರಿಯುವ ಒಳನಾಳದ ರಸ. ಕೂದಲಿಗಿಂತ ಎಷ್ಟೋ ಸಣ್ಣದಾದ ಸೂಜಿಬಾಯಿಯನ್ನು ಕೋಶ ಕೋಶಗಳ ಸಂದಿಯಲ್ಲೇ ತೂರಿಸಿಕೊಂಡು, ಹೆಚ್ಚು ಗಾಯ ಮಾಡದೆ, ಆ ನಾಳ ಹುಡುಕುತ್ತದೆ. ಸಿಕ್ಕಿದ ಮೇಲೆ ಮೊದಲು ಜೊಲ್ಲು ಬಿಡುತ್ತದೆ, ಆಮೇಲೆ ಹೀರುತ್ತದೆ. ಟೊಮ್ಯಾಟೊ ಎಲೆ ಮುಟುರು, ಹೆಸರು ಉದ್ದಿನ ಹಳದಿ ನಂಜು, ಬೆಂಡೆಯ ಹಳದಿ ನರ ರೋಗ, ಇವನ್ನೆಲ್ಲ ತರುವುದು ಬೆಗೊಮೊವೈರಸ್ ಎಂಬ ಗುಂಪು. ಇವುಗಳಲ್ಲಿ ಹೆಚ್ಚಿನವು ಬದುಕುವುದು ಆ ನಾಳದಲ್ಲಿ ಮತ್ತು ಅದರ ಸುತ್ತಮುತ್ತಲೇ. ಹಾಗಾಗಿ ನೊಣ ನಾಳ ಮುಟ್ಟುವವರೆಗೂ ಅದಕ್ಕೆ ನಂಜು ಸಿಕ್ಕುವುದಿಲ್ಲ. ಕಡಿಮೆಯೆಂದರೂ 15ರಿಂದ 30 ನಿಮಿಷ ಹೀರಬೇಕು. ಹೆಚ್ಚು ಹೊತ್ತು ಹೀರಿದಷ್ಟೂ ಹೆಚ್ಚು ನಂಜು.

ಹೀರಿದ ಕೂಡಲೇ ನೊಣ ಅಪಾಯಕಾರಿ ಆಗುತ್ತದೆಯೇ? ಇಲ್ಲ. ನನ್ನ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಷಯ ಇದು. ಟೊಮ್ಯಾಟೊ ಹಳದಿ ಎಲೆ ಮುಟುರು ವೈರಸ್ ನೊಣದ ಮೈಯಲ್ಲಿ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ಇಸ್ರೇಲಿನ ವಿಜ್ಞಾನಿಗಳು 2001ರಲ್ಲಿ ಅಂಗ ಅಂಗ ಬಿಡಿಸಿ ನೋಡಿದರು. ಒಂದು ಮಿಲಿಮೀಟರಿನ ಕೀಟದ ಅಂಗ ಬಿಡಿಸುವುದು ಎಂದರೆ ಏನು ಅಂತ ಕೊಳವೆ ಹಿಡಿದ ನನಗೆ ಗೊತ್ತು, ಅವರಿಗೊಂದು ನಮಸ್ಕಾರ. ಹೀರಲು ಶುರು ಮಾಡಿದ 10 ನಿಮಿಷಕ್ಕೆ ವೈರಸ್ ತಲೆಯಲ್ಲಿ ಸಿಕ್ಕಿತು. 40 ನಿಮಿಷಕ್ಕೆ ಕರುಳಿನಲ್ಲಿ. 90 ನಿಮಿಷಕ್ಕೆ ಕರುಳಿನ ಗೋಡೆ ದಾಟಿ ನೊಣದ ರಕ್ತದಲ್ಲಿ. ಅಲ್ಲಿಂದ ಜೊಲ್ಲುಗ್ರಂಥಿ ತಲುಪಲು ಮತ್ತೆ ಐದೂವರೆ ಗಂಟೆ. ಗ್ರಂಥಿಯೊಳಗೆ ಹೊಕ್ಕು ಜೊಲ್ಲಿಗೆ ಬಂದು ಇನ್ನೊಂದು ಗಿಡಕ್ಕೆ ದಾಟುವಷ್ಟರಲ್ಲಿ ಒಟ್ಟು ಸುಮಾರು ಎಂಟು ಗಂಟೆ. ಈ ಎಂಟು ಗಂಟೆ ನೊಣ ಎಷ್ಟು ಗಿಡದ ಮೇಲೆ ಕೂತರೂ ನಂಜು ದಾಟುವುದಿಲ್ಲ. ಎಂಟು ಗಂಟೆ ಕಳೆದ ಮೇಲೆ ವಾರಗಟ್ಟಲೆ, ಎಷ್ಟೋ ಸಲ ಸಾಯುವವರೆಗೂ, ಕೂತ ಕಡೆಯೆಲ್ಲ ದಾಟಿಸುತ್ತದೆ. ದಾಟಿಸಲು ಮತ್ತೆ ಅದೇ 15, 30 ನಿಮಿಷ.

ಈ ದಾರಿಯಲ್ಲಿ ವೈರಸ್ಸಿಗೆ ಒಬ್ಬ ಸಹಾಯಕ ಬೇರೆ ಇದ್ದಾನೆ. ಬಿಳಿನೊಣದ ಮೈಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಕಾಯಂ ವಾಸವಿರುತ್ತವೆ. ಅವುಗಳಲ್ಲಿ ಒಂದು ಬಿಡುವ ಪ್ರೋಟೀನು ರಕ್ತದಲ್ಲಿ ಸಾಗುವ ವೈರಸ್ ಕಣಕ್ಕೆ ಅಂಟಿಕೊಂಡು ಅದು ನಾಶವಾಗದಂತೆ ಕಾಯುತ್ತದೆ. ನೊಣ, ಬ್ಯಾಕ್ಟೀರಿಯಾ, ವೈರಸ್, ಗಿಡ. ನಾಲ್ಕು ಜೀವಗಳ ವ್ಯವಹಾರವನ್ನು ನಾವು ಒಂದು ಬಾಟಲಿ ಔಷಧಿಯಲ್ಲಿ ಮುಗಿಸಲು ಹೊರಡುತ್ತೇವೆ.

ಇನ್ನೂ ಒಂದು ಸಂಗತಿ. ರೋಗದ ಗಿಡದ ಎಲೆಯಡಿ ಕೂತ ಮರಿ ಹೀರಿಕೊಂಡ ನಂಜು ಅದಕ್ಕೆ ರೆಕ್ಕೆ ಬಂದ ಮೇಲೂ ಉಳಿಯುತ್ತದೆ. ಅಂದರೆ ಕೊಯ್ಲು ಮುಗಿಸಿ ಹಾಗೇ ಬಿಟ್ಟ ಹೊಲದಿಂದ ಏಳುವ ನೊಣ ಎಂಟು ಗಂಟೆ ಕಾಯಬೇಕಿಲ್ಲ, ನಂಜು ಹೊತ್ತುಕೊಂಡೇ ಹಾರುತ್ತದೆ. ಪಕ್ಕದಲ್ಲಿ ಎಳೆ ಸಸಿ ನಾಟಿ ಮಾಡಿದ್ದರೆ ಅದರ ಕಥೆ ಅಷ್ಟೇ.

ಈಗ ಔಷಧಿಯ ಲೆಕ್ಕ ಹಾಕಿ. ಹೊರಗಿನಿಂದ ಬರುವ ನೊಣ ಆಗಲೇ ನಂಜು ಹೊತ್ತಿರುತ್ತದೆ. ಅದಕ್ಕೆ ಬೇಕಾದದ್ದು ಅರ್ಧ ಗಂಟೆ. ನಿಮ್ಮ ಗಿಡದಲ್ಲಿ ಔಷಧಿ ಇದ್ದರೂ ಅದು ಚುಚ್ಚಿ, ಹೀರಿ, ವಿಷವೇರಿ ಸಾಯುವಷ್ಟರಲ್ಲಿ ಆ ಅರ್ಧ ಗಂಟೆ ಕಳೆದಿರಬಹುದು. ನೊಣ ಸತ್ತಿತು, ನಂಜು ಉಳಿಯಿತು. ಎಲೆ ಮುಟುರಿದ್ದು ನಿಮ್ಮ ಕಣ್ಣಿಗೆ ಬಿದ್ದ ದಿನವಂತೂ ಆ ನೊಣ ಬಂದುಹೋಗಿ ಎರಡು ವಾರದ ಮೇಲಾಗಿರುತ್ತದೆ. ಅವತ್ತು ಹೊಡೆಯುವ ಔಷಧಿ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮುಟುರಿದ ಗಿಡವನ್ನು ಯಾವ ಔಷಧಿಯೂ ನೆಟ್ಟಗೆ ಮಾಡುವುದಿಲ್ಲ. ಗಿಡದೊಳಗಿನ ವೈರಸ್ಸನ್ನು ಕೊಲ್ಲುವ ಸಿಂಪಡಣೆ ಹೊಲದಲ್ಲಿ ಬಳಸಲು ಇಲ್ಲ. ಇದೆ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಹಾಗಾದರೆ ಕೀಟನಾಶಕ ಸುಳ್ಳೇ? ಅಲ್ಲ. ನಂಜು ಒಮ್ಮೆ ಹೊಲದೊಳಗೆ ಬಂದ ಮೇಲೆ ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ಬುತ್ತದಲ್ಲ, ಅಲ್ಲಿ ಆ ಎಂಟು ಗಂಟೆ ನಮ್ಮ ಪರ ಇದೆ. ಹೊಲದಲ್ಲೇ ಹುಟ್ಟುವ ಮರಿಗಳನ್ನು ಕಡಿಮೆ ಮಾಡಿದರೆ ಈ ಒಳಹಬ್ಬುವಿಕೆ ತಗ್ಗುತ್ತದೆ. ಬೀನ್ಸ್, ಹೆಸರು ಮುಂತಾದವಕ್ಕೆ ಬೀಜೋಪಚಾರ ಮಾಡಿ ಬಿತ್ತಿದರೆ ಮೊದಲ ಕೆಲವು ವಾರ ಸಸಿಗೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಆ ಮೊದಲ ವಾರಗಳೇ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಒಂದೇ ಗುಂಪಿನ ಔಷಧಿಯನ್ನು ವಾರ ವಾರ ಹೊಡೆದರೆ ಬಿಳಿನೊಣ ಬೇಗ ಒಗ್ಗಿಕೊಳ್ಳುತ್ತದೆ. ಪೈರೆಥ್ರಾಯ್ಡ್ ಗುಂಪಿಗೂ ಇಮಿಡಾಕ್ಲೋಪ್ರಿಡ್ ಗುಂಪಿಗೂ ಜಗ್ಗದ ನೊಣಗಳು ಜಗತ್ತಿನ ಬಹಳ ಕಡೆ ಇವೆ. ಪೈರೆಥ್ರಾಯ್ಡ್ ಹೊಡೆದಾಗ ಇನ್ನೊಂದು ಅನಾಹುತ: ಮರಿಗಳೊಳಗೆ ಮೊಟ್ಟೆ ಇಟ್ಟು ಅವನ್ನು ಕೊಲ್ಲುವ ಪುಟ್ಟ ಕಣಜಗಳು, ಗುಲಗಂಜಿ ಹುಳುಗಳು ಮೊದಲು ಸಾಯುತ್ತವೆ. ತಿಂಗಳೊಳಗೆ ಬಿಳಿನೊಣ ಮೊದಲಿಗಿಂತ ಹೆಚ್ಚಾಗಿರುತ್ತದೆ. ಮೂರು ನಾಲ್ಕು ಔಷಧಿ ಒಟ್ಟಿಗೆ ಕಲಸಿ ಹೊಡೆಯುವವರನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ.

ಇಷ್ಟೂ ಹೊತ್ತು ಹೇಳಿದ ಎಂಟು ಗಂಟೆಯ ಲೆಕ್ಕ ಬೆಗೊಮೊವೈರಸ್ಸುಗಳದ್ದು. ಬಿಳಿನೊಣ ಹೊರುವುದೆಲ್ಲ ಅದೇ ಜಾತಿಯದಲ್ಲ. ಕ್ರಿನಿವೈರಸ್ ಎಂಬ ಇನ್ನೊಂದು ಗುಂಪಿದೆ, ಟೊಮ್ಯಾಟೊ, ಸೌತೆ, ಕರಬೂಜ, ಲೆಟ್ಯೂಸ್ ಇವನ್ನು ಹಿಡಿಯುತ್ತದೆ. ಅದು ನೊಣದ ರಕ್ತಕ್ಕೆ ಇಳಿಯುವುದೇ ಇಲ್ಲ, ಅನ್ನನಾಳದ ಮುಂಭಾಗದಲ್ಲೇ ಅಂಟಿಕೊಂಡಿರುತ್ತದೆ. ಕಾಯುವ ಅವಧಿ ಇಲ್ಲ, ಆದರೆ ಬಾಳಿಕೆಯೂ ಇಲ್ಲ. ಒಂದರಿಂದ ಒಂಬತ್ತು ದಿನದಲ್ಲಿ ನೊಣ ಅದನ್ನು ಕಳೆದುಕೊಳ್ಳುತ್ತದೆ. ಸೌತೆಯ ನಾಳ ಹಳದಿ ಮಾಡುವ ಇಪೊಮೊವೈರಸ್ ಒಂದಿದೆ, ಅದು ನೊಣದಲ್ಲಿ ನಿಲ್ಲುವುದು ಕೆಲವೇ ಗಂಟೆ. ಅಲಸಂದೆ, ಸೋಯಾ, ಬೀನ್ಸಿಗೆ ಬರುವ ಕಾರ್ಲಾವೈರಸ್ ಜಾತಿಯದ್ದೊಂದನ್ನು ನೊಣ ಕೆಲವು ನಿಮಿಷದಲ್ಲಿ ಎತ್ತಿಕೊಂಡು ಕೆಲವು ನಿಮಿಷದಲ್ಲಿ ದಾಟಿಸಿಬಿಡುತ್ತದೆ. ಇಂಥದ್ದರ ಮುಂದೆ ಕೀಟನಾಶಕ ಬಹುಮಟ್ಟಿಗೆ ವ್ಯರ್ಥ. ಔಷಧಿ ಹೊಡೆದಾಗ ಗಾಬರಿಗೊಂಡ ನೊಣಗಳು ಗಿಡದಿಂದ ಗಿಡಕ್ಕೆ ಹಾರಿ ಚುಚ್ಚಾಟ ಹೆಚ್ಚಿಸುವ ಸಂಭವವೂ ಉಂಟು.

ಕ್ರಿನಿವೈರಸ್ ಬಗ್ಗೆ ಇನ್ನೊಂದು ಮಾತು. ಅದರ ಲಕ್ಷಣ ಮೊದಲು ಕಾಣುವುದು ಕೆಳಗಿನ ಹಳೆ ಎಲೆಗಳಲ್ಲಿ. ನರ ಹಸಿರಾಗೇ ಇರುತ್ತದೆ, ನರಗಳ ನಡುವೆ ಹಳದಿ, ಎಲೆ ದಪ್ಪಗಾಗಿ ಮುಟ್ಟಿದರೆ ಮುರಿಯುತ್ತದೆ. ನೋಡಿದವರು ಮೆಗ್ನೀಷಿಯಂ ಕೊರತೆ ಎಂದು ಗೊಬ್ಬರ ಹಾಕುತ್ತಾರೆ. ಬೆಗೊಮೊವೈರಸ್ಸಿನದು ಹಾಗಲ್ಲ, ಅದು ತೋರುವುದು ತುದಿಯ ಹೊಸ ಚಿಗುರಿನಲ್ಲಿ. ಟೊಮ್ಯಾಟೊ ಎಲೆ ಚಿಕ್ಕದಾಗಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಗೆಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಪೊದೆಯಾಗುತ್ತದೆ, ಹೂವು ಉದುರುತ್ತದೆ. ಬೆಂಡೆಯಲ್ಲಿ ನರಗಳೇ ಹಳದಿಯಾಗಿ ಬಲೆ ಹೆಣೆದುಕೊಳ್ಳುತ್ತವೆ, ಕಾಯಿ ಬಿಳಿಚಿಕೊಂಡು ಗಡುಸಾಗುತ್ತದೆ. ಹೆಸರು, ಉದ್ದಿನಲ್ಲಿ ಮೊದಲು ಹಳದಿ ಚುಕ್ಕೆ, ಆಮೇಲೆ ಇಡೀ ಎಲೆ ಬಂಗಾರದ ಬಣ್ಣ. ದೂರದಿಂದ ನೋಡಲು ಚಂದವೇ. ಕಾಯಿ ಬಿಡಿಸಿದರೆ ಒಳಗೆ ಕಾಳು ಇರುವುದಿಲ್ಲ, ಇದ್ದರೂ ಜೊಳ್ಳು.

ಈ ಬಂಗಾರದ ಬಣ್ಣಕ್ಕೆ ಮರುಳಾದವರು ಇತಿಹಾಸದಲ್ಲಿ ಇದ್ದಾರೆ. ಕ್ರಿ.ಶ. 752ರಲ್ಲಿ ಜಪಾನಿನ ಸಾಮ್ರಾಜ್ಞಿ ಕೋಕೆನ್, ಬೇಸಿಗೆಯಲ್ಲೇ ಹಳದಿಯಾಗಿಹೋದ ಒಂದು ಗಿಡ ಕಂಡು ಪದ್ಯ ಬರೆದಿದ್ದಾಳೆ. ಆ ಗಿಡ ಯುಪಟೋರಿಯಂ ಎಂದೂ, ಹಳದಿಗೆ ಕಾರಣ ಬೆಗೊಮೊವೈರಸ್ ಮತ್ತು ಅದರ ಜೊತೆ ಓಡಾಡುವ ಒಂದು ಚಿಕ್ಕ ಡಿಎನ್ಎ ತುಣುಕು ಎಂದೂ 2003ರಲ್ಲಿ ತೋರಿಸಿದರು. ಬರಹದಲ್ಲಿ ಸಿಕ್ಕುವ ಅತ್ಯಂತ ಹಳೆಯ ಸಸ್ಯ ವೈರಸ್ ರೋಗ ಇದೇ ಎನ್ನುತ್ತಾರೆ. ನಮ್ಮ ಬೆಂಡೆಯ ಹಳದಿ ನರ ರೋಗಕ್ಕೂ ಇಂಥದೇ ತುಣುಕು ಬೇಕು. ಅದು ಜೊತೆಗಿಲ್ಲದಿದ್ದರೆ ವೈರಸ್ಸಿನ ಆಟ ಅಷ್ಟು ನಡೆಯುವುದಿಲ್ಲ, ಯಾಕೆಂದರೆ ಗಿಡದ ರಕ್ಷಣೆಯನ್ನು ಮಂಕು ಮಾಡುವ ಕೆಲಸ ಆ ತುಣುಕಿನದು.

ವೈರಸ್ ಕಣವೆಂದರೆ ಎಷ್ಟು? ಜೋಡಿಯಾಗಿ ಅಂಟಿಕೊಂಡ ಎರಡು ಗುಂಡುಗಳು, ಉದ್ದ 30 ನ್ಯಾನೊಮೀಟರ್ ಆಸುಪಾಸು. ಒಳಗೆ ಉಂಗುರದಂತೆ ಕೂಡಿದ ಒಂಟಿ ಎಳೆಯ ಡಿಎನ್ಎ, ಸುಮಾರು 2,700 ಅಕ್ಷರ. ಕೆಲವಕ್ಕೆ ಅಂಥವು ಎರಡು. ಈ ಕಣದ ಹೊರ ಕವಚದ ಪ್ರೋಟೀನೇ ಬಿಳಿನೊಣದ ಕರುಳಿನ, ಜೊಲ್ಲುಗ್ರಂಥಿಯ ಬಾಗಿಲು ತೆರೆಸುವುದು. 1990ರ ಒಂದು ಪ್ರಯೋಗದಲ್ಲಿ ಮರಗೆಣಸಿನ ವೈರಸ್ಸಿಗೆ ಜಿಗಿಹುಳು ಹೊರುವ ಬೀಟ್ ವೈರಸ್ಸಿನ ಕವಚ ತೊಡಿಸಿದರು. ಆಮೇಲೆ ಅದನ್ನು ಜಿಗಿಹುಳು ಹಬ್ಬಿಸಿತು. ಅಂದಕ್ಕೆ ಬೆಳೆಸುವ ಅಬುಟಿಲಾನ್ ಗಿಡದ ಎಲೆಯ ಹಳದಿ ಚಿತ್ತಾರವೂ ಬೆಗೊಮೊವೈರಸ್ಸಿನದೇ. ತಲೆಮಾರುಗಟ್ಟಲೆ ಕಡ್ಡಿಯಿಂದಲೇ ಬೆಳೆಸುತ್ತ ಬಂದದ್ದರಿಂದ ಆ ವೈರಸ್ಸಿಗೆ ನೊಣದ ಹಂಗೇ ತಪ್ಪಿತು. ಕವಚದಲ್ಲಿ ಬೆರಳೆಣಿಕೆಯ ಬದಲಾವಣೆ ಆಗಿ ಈಗ ಬಿಳಿನೊಣ ಅದನ್ನು ಹಬ್ಬಿಸಲಾರದು. ಹಸಿರುಮನೆಗಳಲ್ಲಿ ಕಾಣುವ ಇನ್ನೊಂದು ಜಾತಿಯ ಬಿಳಿನೊಣ, ಟ್ರಯಲ್ಯೂರೋಡಿಸ್, ನೋಡಲು ಹೆಚ್ಚು ಕಡಿಮೆ ಇದರ ಹಾಗೇ ಇರುತ್ತದೆ. ಅದು ಕೆಲವು ಕ್ರಿನಿವೈರಸ್ ಹೊರುತ್ತದೆ, ಬೆಗೊಮೊವೈರಸ್ ಮಾತ್ರ ಹೊರುವುದಿಲ್ಲ.

ಬೆಮಿಸಿಯಾ ಟಬಾಸಿ ಎಂದು ಕರೆಯುವುದು ಕೂಡ ಒಂದೇ ಜೀವವಲ್ಲ. ಕಣ್ಣಿಗೆ ಒಂದೇ ರೀತಿ ಕಾಣುವ, ಒಂದಕ್ಕೊಂದು ಕೂಡದ ಹತ್ತಾರು ಗುಪ್ತ ಜಾತಿಗಳ ಗುಂಪು ಅದು. ಅದರಲ್ಲಿ ಬಿ ಬಯೋಟೈಪ್ ಎಂಬುದು 1980ರ ದಶಕದಿಂದ ಅಲಂಕಾರಿಕ ಗಿಡಗಳ ಸಾಗಣೆಯ ಜೊತೆ ಜಗತ್ತೆಲ್ಲ ಸುತ್ತಿತು. ಭಾರತದಲ್ಲಿ ಅದು ಮೊದಲು ದಾಖಲಾದದ್ದು 1999ರಲ್ಲಿ ಕೋಲಾರದ ಟೊಮ್ಯಾಟೊ ಹೊಲಗಳಲ್ಲಿ, ಎಲೆ ಮುಟುರು ರೋಗ ವಿಪರೀತವಾಗಿದ್ದಾಗ. ಈ ಜಾತಿಯ ಮರಿಗಳು ಕುಂಬಳದ ಗಿಡದಲ್ಲಿ ರಸ ಹೀರಿದರೆ ಎಲೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಅದು ವೈರಸ್ ಅಲ್ಲ. ಮರಿಗಳನ್ನು ತೆಗೆದರೆ ಮುಂದಿನ ಎಲೆ ಹಸಿರಾಗೇ ಬರುತ್ತದೆ. ಬೆಳ್ಳಿ ಎಲೆ ಕಂಡು ಬಳ್ಳಿ ಕಿತ್ತು ಹಾಕುವವರಿದ್ದಾರೆ, ಕೀಳಬೇಡಿ.

ಈ ಕೀಟದ ಚಾಲಾಕಿತನಕ್ಕೆ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಗಿಡಗಳು ಕೀಟಗಳಿಂದ ಪಾರಾಗಲು ಫೀನಾಲಿಕ್ ಎಂಬ ವಿಷವಸ್ತು ತಯಾರಿಸುತ್ತವೆ. ಅದು ತಮಗೇ ತಾಗದಂತೆ ನಿರ್ವಿಷಗೊಳಿಸುವ ಜೀನ್ ಕೂಡ ಗಿಡಗಳಲ್ಲಿದೆ. ಬಿಳಿನೊಣ ಆ ಜೀನನ್ನೇ ಗಿಡದಿಂದ ಕದ್ದು, ಲಕ್ಷಾಂತರ ವರ್ಷಗಳಿಂದ ತನ್ನದಾಗಿ ಬಳಸುತ್ತಿದೆ ಎಂದು 2021ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಗಿಡದಿಂದ ಕೀಟಕ್ಕೆ ಜೀನ್ ದಾಟಿ ಕೆಲಸ ಮಾಡುತ್ತಿರುವ ಮೊದಲ ಉದಾಹರಣೆ ಅದು. ವೈರಸ್ ತಾನೂ ಸುಮ್ಮನಿರುವುದಿಲ್ಲ. ಟೊಮ್ಯಾಟೊ ಹಳದಿ ಎಲೆ ಮುಟುರು ವೈರಸ್ ಹೊತ್ತ ನೊಣ ಹೊರದ ನೊಣಕ್ಕಿಂತ ಹೆಚ್ಚು ಹುರುಪಿನಿಂದ ಚುಚ್ಚುತ್ತದೆ, ನಾಳದೊಳಗೆ ಜೊಲ್ಲು ಬಿಡುವ ಹೊತ್ತೂ ಹೆಚ್ಚುತ್ತದೆ ಎಂದು ಅಳೆದು ನೋಡಿದ್ದಾರೆ. ಜೊಲ್ಲಿನಲ್ಲೇ ತಾನೇ ವೈರಸ್ ಇರುವುದು!

ಹಾಗಾದರೆ ಏನು ಮಾಡಬೇಕು? ನನ್ನ ಉತ್ತರ ಸಸಿಮಡಿಯಿಂದ ಶುರುವಾಗುತ್ತದೆ. ಗಿಡಕ್ಕೆ ಯಾವ ವಯಸ್ಸಿನಲ್ಲಿ ನಂಜು ತಗುಲಿತು ಎಂಬುದೇ ಎಲ್ಲ ತೀರ್ಮಾನ ಮಾಡುತ್ತದೆ. ಎಳೆ ಸಸಿಗೆ ತಗುಲಿದರೆ ಫಸಲು ಬಹುತೇಕ ಇಲ್ಲವೇ ಇಲ್ಲ. ಕಾಯಿ ಕಚ್ಚಿದ ಮೇಲೆ ತಗುಲಿದರೆ ನಷ್ಟ ಅಷ್ಟಿಲ್ಲ. ಆದ್ದರಿಂದ ಟೊಮ್ಯಾಟೊ, ಮೆಣಸಿನ ಸಸಿಯನ್ನು 40ರಿಂದ 50 ಮೆಶ್‌ನ (ಅಂಗುಲಕ್ಕೆ ಅಷ್ಟು ಕಣ್ಣುಗಳಿರುವ) ನೈಲಾನ್ ಪರದೆಯ ಕೆಳಗೇ ಬೆಳೆಸಬೇಕು. ಪರದೆ ಹಾಕುವುದು ಬೀಜ ಮೊಳೆತ ಮೇಲಲ್ಲ, ಬಿತ್ತಿದ ದಿನವೇ. ಅಂಚನ್ನು ಮಣ್ಣಿನಲ್ಲಿ ಹೂಳಬೇಕು. ಸಸಿ ಕೊಳ್ಳುವವರಾದರೆ ಎಲೆಯ ಮೇಲ್ಭಾಗ ನೋಡಿ ಒಪ್ಪಬೇಡಿ, ತಿರುಗಿಸಿ ನೋಡಿ.

ಹೆಸರು, ಬೀನ್ಸ್, ಅಲಸಂದೆಯನ್ನು ನೇರ ಬಿತ್ತುವುದರಿಂದ ಪರದೆ ಸಾಧ್ಯವಿಲ್ಲ. ಅಲ್ಲಿ ಬೀಜೋಪಚಾರ, ತಡೆಯುವ ತಳಿ, ಬಿತ್ತುವ ಹೊತ್ತು ಇವೇ ಗತಿ. ಬೇಳೆಕಾಳಿನ ಹಳದಿ ನಂಜಿನ ವೈರಸ್ಸುಗಳು ಸಾಮಾನ್ಯವಾಗಿ ಬೇಳೆಕಾಳಿನ ಕುಟುಂಬದೊಳಗೇ ಸುತ್ತುತ್ತವೆ. ಹೆಸರಿನ ಪಕ್ಕ ಹಳೆಯ ಉದ್ದು, ಅವರೆ, ಸೋಯಾ ಇದ್ದರೆ ಚಿಂತೆ ಮಾಡಿ, ಬದನೆ ಇದ್ದರೆ ಅಷ್ಟು ಬೇಡ. ಆದರೆ ಈ ಮಾತನ್ನು ಬೀನ್ಸಿಗೆ ಕಣ್ಣುಮುಚ್ಚಿ ಅನ್ವಯಿಸಬೇಡಿ. ಟೊಮ್ಯಾಟೊ ಹಳದಿ ಎಲೆ ಮುಟುರು ವೈರಸ್ 1990ರ ದಶಕದ ಕೊನೆಗೆ ಸ್ಪೇನಿನಲ್ಲಿ ಬೀನ್ಸಿಗೂ ಹತ್ತಿತು. ಟೊಮ್ಯಾಟೊ ಎಲೆ ಮುಟುರು ನ್ಯೂ ಡೆಲ್ಲಿ ವೈರಸ್ ಎಂಬುದು ಟೊಮ್ಯಾಟೊದಿಂದ ಆಲೂಗಡ್ಡೆಗೂ ಸೌತೆ ಕುಂಬಳದ ಕುಟುಂಬಕ್ಕೂ ದಾಟುತ್ತದೆ. 2012ರಲ್ಲಿ ಅದು ಸ್ಪೇನಿಗೂ ಹೋಗಿ ಜುಕಿನಿ ಬೆಳೆಗೆ ಬಿತ್ತು.

ಕಳೆಯ ವಿಷಯದಲ್ಲಿ ನಾನು ನಿಷ್ಠುರಿ. ಬದುವಿನ ಮೇಲಿನ ಪಾರ್ಥೇನಿಯಂ, ಹಳದಿ ನರ ತೋರುವ ಕ್ರೋಟಾನ್, ಅಜೆರಾಟಮ್, ಇವೆಲ್ಲ ನೊಣಕ್ಕೆ ಮನೆ, ಎಷ್ಟೋ ವೈರಸ್ಸುಗಳಿಗೂ ಮನೆ. ಆದರೆ ನಾಟಿ ಮಾಡಿದ ಮೇಲೆ ಕಳೆ ಕಿತ್ತರೆ ಅಲ್ಲಿದ್ದ ನೊಣಗಳೆಲ್ಲ ಎದ್ದು ಎಳೆ ಸಸಿಗೇ ಬರುತ್ತವೆ. ಕೀಳುವುದಿದ್ದರೆ ನಾಟಿಗೆ ಮೊದಲೇ. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಬೆಳಕನ್ನು ಮೇಲಕ್ಕೆ ಚಿಮ್ಮಿಸಿ ಹಾರಿಬರುವ ನೊಣದ ದಿಕ್ಕು ತಪ್ಪಿಸುತ್ತದೆ, ಗಿಡ ಹಬ್ಬಿ ನೆಲ ಮುಚ್ಚುವವರೆಗೆ ಮಾತ್ರ. ಹೊಲದ ಸುತ್ತ ಜೋಳ, ಮುಸುಕಿನ ಜೋಳ ಎರಡು ಮೂರು ಸಾಲು ಮುಂಚೆಯೇ ಎಬ್ಬಿಸಿದರೆ ಸ್ವಲ್ಪ ತಡೆ. ಹಳದಿ ಅಂಟು ಹಾಳೆಯಿಂದ ನೊಣ ಬಂದಿದೆಯೇ ಎಂದು ತಿಳಿಯಬಹುದು, ತೆರೆದ ಹೊಲದಲ್ಲಿ ಅದರಿಂದ ನೊಣ ಮುಗಿಸಲಾಗದು.

ತಳಿಯ ಬಗ್ಗೆ ನಾನೇ ಮಾತಾಡಿದರೆ ಪಕ್ಷಪಾತ ಅನ್ನಬಹುದು, ನನ್ನ ಅನ್ನವೇ ಅದು. ಕಾಡು ಟೊಮ್ಯಾಟೊ ಜಾತಿಗಳಿಂದ ತಂದ ಟಿವೈ-1, ಟಿವೈ-2, ಟಿವೈ-3 ಎಂಬ ಜೀನ್‌ಗಳು ಇವತ್ತಿನ ಬಹಳಷ್ಟು ಹೈಬ್ರಿಡ್‌ಗಳಲ್ಲಿವೆ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ತಡೆಯುವ ಹೈಬ್ರಿಡ್. ಬೀನ್ಸಿನ ಬಂಗಾರ ನಂಜಿಗೆ ಬ್ರೆಜಿಲಿನ ಸರ್ಕಾರಿ ಸಂಸ್ಥೆ ಎಂಬ್ರಾಪಾ ಕುಲಾಂತರಿ ತಳಿ ಮಾಡಿ 2011ರಲ್ಲಿ ಅನುಮತಿ ಪಡೆಯಿತು. ಆದರೆ ನಾನು ದಿನಾ ನೋಡುವ ಒಂದು ಸಂಗತಿ ಬೀಜದ ಪೊಟ್ಟಣದ ಮೇಲೆ ಇರುವುದಿಲ್ಲ: ತಡೆಯುವ ಗಿಡ ಎಂದರೆ ವೈರಸ್ಸೇ ಇಲ್ಲದ ಗಿಡವಲ್ಲ. ಲಕ್ಷಣ ತೋರದೆ, ಫಸಲು ಕೊಡುತ್ತಲೇ, ಒಳಗೆ ಸ್ವಲ್ಪ ನಂಜು ಇಟ್ಟುಕೊಂಡಿರಬಹುದು. ಪಕ್ಕದಲ್ಲಿ ತಡೆಯದ ತಳಿ ಹಾಕಿದ್ದರೆ ನೊಣ ಇಲ್ಲಿಂದ ಅಲ್ಲಿಗೆ ಒಯ್ಯುತ್ತದೆ. ಒಂದು ವೈರಸ್ಸಿಗೆ ತಡೆಯುವ ಜೀನ್ ಇನ್ನೊಂದರ ಮುಂದೆ ಸೋಲುವುದೂ ಇದೆ. ಟಿವೈ-2ನ್ನು ದಾಟಿದ ವೈರಸ್ಸುಗಳು ಆಗಲೇ ಇವೆ.

ನನಗೆ ಹೆಚ್ಚು ಮೆಚ್ಚುಗೆ ಬಂದ ಕ್ರಮ ಡೊಮಿನಿಕನ್ ಗಣರಾಜ್ಯದ್ದು. 1990ರ ದಶಕದ ಆರಂಭದಲ್ಲಿ ಟೊಮ್ಯಾಟೊ ಹಳದಿ ಎಲೆ ಮುಟುರು ಅಲ್ಲಿಗೆ ಹೊಕ್ಕು ಟೊಮ್ಯಾಟೊ ಉದ್ಯಮವನ್ನೇ ಮಲಗಿಸಿತು. ಆಗ ಅವರು ವರ್ಷದಲ್ಲಿ ಮೂರು ತಿಂಗಳು ಟೊಮ್ಯಾಟೊ ಮಾತ್ರವಲ್ಲ, ಬಿಳಿನೊಣ ಬದುಕುವ ಬೀನ್ಸ್, ಬದನೆ, ಸೌತೆ, ಮೆಣಸಿನಂಥ ಬೆಳೆಗಳನ್ನೂ ರೋಗದ ಪ್ರದೇಶಗಳಲ್ಲಿ ಹಾಕಕೂಡದೆಂದು ಕಾನೂನು ಮಾಡಿದರು. ನೊಣಕ್ಕೆ ಆಹಾರವಿಲ್ಲ, ವೈರಸ್ಸಿಗೆ ಗಿಡವಿಲ್ಲ. ಹಂಗಾಮು ಮತ್ತೆ ಶುರುವಾದಾಗ ಹಾರುವ ನೊಣಗಳಲ್ಲಿ ವೈರಸ್ ಹೊತ್ತವು ಬಹಳ ಕಡಿಮೆ. ಬೆಳೆ ಮತ್ತೆ ಎದ್ದಿತು. ಒಬ್ಬರೇ ಮಾಡಿದರೆ ಇದು ನಡೆಯುವುದಿಲ್ಲ, ನೊಣ ಗಾಳಿಗೆ ಸಿಕ್ಕಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಅಕ್ಕಪಕ್ಕದವರು ಕೂತು ಮಾತಾಡಿಕೊಂಡು, ಎಲ್ಲರೂ ಒಟ್ಟಿಗೆ ಹಳೆ ಬೆಳೆ ತೆಗೆದು ಎಲ್ಲರೂ ಒಟ್ಟಿಗೆ ಹೊಸದು ಹಾಕಿದರೆ ಕಾನೂನಿಲ್ಲದೆಯೂ ಅರ್ಧ ಫಲ ಸಿಗುತ್ತದೆ. ಆದರೆ ಈ ಸಲಹೆ ಕೊಟ್ಟಾಗ ಫೋನಿನ ಆ ಕಡೆ ಮೌನ. ಔಷಧಿಯ ಹೆಸರು ಬರೆದುಕೊಳ್ಳಲು ಪೆನ್ನು ಹಿಡಿದಿದ್ದವರಿಗೆ ನೆರೆಯವರ ಜೊತೆ ಮಾತಾಡಿ ಎಂದರೆ ಏನು ಹೇಳಿಯಾರು.

ಕೊನೆಗೆ, ಹೆಚ್ಚು ಜನ ಕೇಳುವ ಎರಡು ಪ್ರಶ್ನೆ. ರೋಗದ ಗಿಡ ಕೀಳಬೇಕೇ? ನಾಟಿ ಮಾಡಿದ ಮೊದಲ ಮೂರು ನಾಲ್ಕು ವಾರದಲ್ಲಿ ಅಲ್ಲೊಂದು ಇಲ್ಲೊಂದು ಕಂಡರೆ ಕೀಳಿ, ಬೆಳಿಗ್ಗೆ ತಂಪಿನಲ್ಲಿ ನೊಣ ಮಂಕಾಗಿರುವಾಗ, ಚೀಲದೊಳಗೆ ಹಾಕಿ ಬಾಯಿ ಕಟ್ಟಿ ಹೊರಗೆ ಒಯ್ಯಿರಿ. ಕಾಯಿ ಬಿಟ್ಟ ಮೇಲೆ ಅರ್ಧಕ್ಕರ್ಧ ಗಿಡಕ್ಕೆ ಬಂದಿದ್ದರೆ ಕಿತ್ತು ಪ್ರಯೋಜನವಿಲ್ಲ, ಸಿಕ್ಕಷ್ಟು ಕೊಯ್ದುಕೊಳ್ಳಿ. ಆದರೆ ಕೊನೆಯ ಕೊಯ್ಲು ಆದ ಮೇಲೆ ಆ ಹೊಲವನ್ನು ಹಾಗೇ ಬಿಡಬೇಡಿ. ಮೊದಲು ನೊಣ ಕೊಲ್ಲಿ, ಆಮೇಲೆ ಗಿಡ ಕೀಳಿ. ಉಲ್ಟಾ ಮಾಡಿದರೆ ಎಲ್ಲ ನೊಣವೂ ಪಕ್ಕದ ಹೊಲಕ್ಕೆ.

ಎರಡನೆಯದು, ಬೀಜದಿಂದ ಬರುತ್ತದೆಯೇ? ಹೊಲದಲ್ಲಿ ಕಾಣುವ ಎಲೆ ಮುಟುರು, ಹಳದಿ ನಂಜುಗಳ ಹಬ್ಬುವಿಕೆಗೆ ಕಾರಣ ಬಿಳಿನೊಣ. ರೋಗದ ಗಿಡದಿಂದ ಬೀಜ ಎತ್ತಬೇಡಿ, ಅದು ಹೇಗೂ ಜೊಳ್ಳಾಗಿರುತ್ತದೆ. ಬೀಜ ಕೊಟ್ಟವರ ಮೇಲೆ ಜಗಳಕ್ಕೆ ಹೋಗುವ ಮುನ್ನ ಮಾತ್ರ ಒಮ್ಮೆ ಎಲೆ ತಿರುಗಿಸಿ ನೋಡಿ.